ಟ್ಯೂಬ್ ಹಾಕುವ ಮುಂಚಿನ ಮೂರು ನಿಮಿಷ

ರಾತ್ರಿ ಎರಡು ಗಂಟೆ. ಕ್ಯಾಷುವಾಲ್ಟಿಯಲ್ಲಿ ಐವತ್ತು ದಾಟಿದ ಒಬ್ಬರು ಮಂಚದ ಮೇಲೆ ಏದುಸಿರು ಬಿಡುತ್ತಾ ಕೂತಿದ್ದಾರೆ. ಎರಡೂ ಕಡೆ ನ್ಯುಮೋನಿಯಾ. ಬಂದಾಗ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, 78 ಶೇಕಡಾ ಇತ್ತು. ವೆಂಟಿಲೇಟರ್ ಬೇಕು, ಗಂಟಲಿಗೆ ಟ್ಯೂಬ್ ಹಾಕಬೇಕು ಅಂತ ಹೇಳಿ ಮನೆಯವರ ಸಹಿಯೂ ಆಗಿದೆ. ಆದರೆ ನಾನು ಅವರ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಸುಮ್ನೆ ನಿಂತಿದ್ದೇನೆ. ಪರದೆಯ ಸಂದಿಯಿಂದ ನೋಡುತ್ತಿದ್ದ ಮಗ ತಡೆಯಲಾರದೆ ಕೇಳಿದ: "ಡಾಕ್ಟ್ರೇ, ಇಷ್ಟೊತ್ತು ಯಾಕೆ ಕಾಯ್ತಿದ್ದೀರಾ? ಬೇಗ ಹಾಕಿ!"

ಅಪ್ಪ ಹಾಗೆ ಒದ್ದಾಡುವಾಗ ಯಾರಾದರೂ ಕೇಳುವ ಮಾತೇ ಅದು. ಆಗ ಉತ್ತರ ಹೇಳುವಷ್ಟು ಪುರುಸೊತ್ತು ಇರಲಿಲ್ಲ. ಈಗ ಹೇಳುತ್ತೇನೆ.

ಎಚ್ಚರ ಇರುವವರ ಗಂಟಲಿಗೆ ಟ್ಯೂಬ್ ತೂರಿಸುವುದು ಕಷ್ಟ. ಅದಕ್ಕೇ ಮೊದಲು ನಿದ್ದೆಯ ಮದ್ದು, ಅದರ ಬೆನ್ನಿಗೇ ಸ್ನಾಯುಗಳನ್ನು ಸಡಿಲಗೊಳಿಸುವ ಮದ್ದು ಕೊಡುತ್ತೇವೆ. ಒಂದು ನಿಮಿಷದ ಹೊತ್ತಿಗೆ ಉಸಿರಾಟ ಪೂರ್ತಿ ನಿಲ್ಲುತ್ತದೆ. ಇಷ್ಟೊತ್ತು ಕಷ್ಟಪಟ್ಟಾದರೂ ಉಸಿರಾಡುತ್ತಿದ್ದವರ ಉಸಿರನ್ನು ನಾವೇ ಕೈಯಾರೆ ನಿಲ್ಲಿಸಿರುತ್ತೇವೆ. ಅಲ್ಲಿಂದ ಟ್ಯೂಬ್ ಸರಿಯಾದ ಜಾಗಕ್ಕೆ ಹೋಗುವ ತನಕ ಆ ದೇಹ ಬದುಕುವುದು ಒಳಗೆ ಕೂಡಿಟ್ಟ ಆಕ್ಸಿಜನ್ ಮೇಲೆ ಮಾತ್ರ.

ಕರೆಂಟ್ ಹೋಗುತ್ತದೆ ಅಂತ ಮೊದಲೇ ಗೊತ್ತಾದರೆ ಏನು ಮಾಡುತ್ತೀರಿ? ಮೋಟಾರ್ ಹಾಕಿ ಟ್ಯಾಂಕ್ ತುಂಬಿಸಿಕೊಳ್ಳುತ್ತೀರಿ, ಅಲ್ವಾ? ಇದೂ ಹಾಗೆಯೇ. ಸಾಮಾನ್ಯವಾಗಿ ಉಸಿರು ಬಿಟ್ಟ ಮೇಲೂ ವಯಸ್ಕರ ಶ್ವಾಸಕೋಶದಲ್ಲಿ ಎರಡು, ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಅದೇ ಟ್ಯಾಂಕ್. ಆದರೆ ಅದರಲ್ಲಿ ಬಹುಪಾಲು ನೈಟ್ರೋಜನ್, ಅದರಿಂದ ಆ ಹೊತ್ತಿನಲ್ಲಿ ನಮಗೆ ಕಿಂಚಿತ್ತೂ ಉಪಯೋಗವಿಲ್ಲ. ಆಕ್ಸಿಜನ್ ಇರುವುದು ಅರ್ಧ ಲೀಟರ್‌ಗಿಂತಲೂ ಕಡಿಮೆ. ಆರಾಮಾಗಿ ಮಲಗಿರುವ ದೇಹಕ್ಕೇ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಬೇಕು. ಹಾಗಾಗಿ ಬರೀ ಗಾಳಿ ಉಸಿರಾಡುತ್ತಿದ್ದವರ ಉಸಿರು ನಿಂತರೆ ಒಂದೆರಡು ನಿಮಿಷದಲ್ಲಿ ಟ್ಯಾಂಕ್ ಖಾಲಿ.

ಅದೇ ಮೂರು ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟರೆ? ಪ್ರತಿ ಉಸಿರಿನ ಜೊತೆ ನೈಟ್ರೋಜನ್ ತೊಳೆದು ಹೋಗುತ್ತದೆ, ಆ ಜಾಗಕ್ಕೆ ಆಕ್ಸಿಜನ್ ಬರುತ್ತದೆ. ಟ್ಯಾಂಕ್ ಅಷ್ಟೇ ದೊಡ್ಡದು, ತುಂಬಿರುವುದು ಬೇರೆ. ಆರೋಗ್ಯವಂತ ವಯಸ್ಕರು ಹೀಗೆ ತುಂಬಿಸಿಕೊಂಡರೆ ಸ್ಯಾಚುರೇಷನ್ 90ಕ್ಕೆ ಇಳಿಯಲು ಸುಮಾರು 8 ನಿಮಿಷ ಹಿಡಿಯುತ್ತದೆ ಅಂತ 1997ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಜೊನಾಥನ್ ಬೆನುಮಾಫ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಅದೇ ಲೆಕ್ಕದಲ್ಲಿ, ಮಧ್ಯಮ ಮಟ್ಟದ ಕಾಯಿಲೆ ಇರುವವರಿಗೆ ಸಿಗುವುದು 5 ನಿಮಿಷ. 127 ಕಿಲೋ ತೂಕದವರಿಗೆ 3 ನಿಮಿಷವೂ ಇಲ್ಲ, ಯಾಕೆಂದರೆ ಮಲಗಿದಾಗ ಹೊಟ್ಟೆ ಮೇಲಕ್ಕೆ ಒತ್ತಿ ಟ್ಯಾಂಕೇ ಚಿಕ್ಕದಾಗುತ್ತದೆ. ಬಸುರಿಯರಲ್ಲಿ ಟ್ಯಾಂಕೂ ಚಿಕ್ಕದು, ಖರ್ಚೂ ಜಾಸ್ತಿ. ಜ್ವರದಲ್ಲಿ ಸುಡುತ್ತಿರುವವರಿಗೂ ಖರ್ಚು ಜಾಸ್ತಿ. ನನ್ನ ಮುಂದೆ ಕೂತಿದ್ದವರಿಗಂತೂ ಶ್ವಾಸಕೋಶದ ಅರ್ಧಕ್ಕರ್ಧ ಭಾಗದಲ್ಲಿ ಕೀವು, ನೀರು ತುಂಬಿತ್ತು. ಅಲ್ಲಿಗೆ ಹೋದ ರಕ್ತ ಆಕ್ಸಿಜನ್ ಸಿಗದೆ ಹೋದ ಹಾಗೇ ವಾಪಸ್ ಬರುತ್ತದೆ.

90ರ ಮೇಲೆ ಯಾಕಿಷ್ಟು ಕಣ್ಣು? ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡವರಿಗೆಲ್ಲ ಆ ಅಂಕಿ ಗೊತ್ತು. ಆ ಯಂತ್ರದ ಹಿಂದಿನ ಉಪಾಯ ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ ಅವರದ್ದು, 1970ರ ದಶಕದ್ದು. 100ರಿಂದ 90ರ ತನಕ ಇಳಿಕೆ ನಿಧಾನ. ಅಲ್ಲಿಂದ ಕೆಳಗೆ ಪ್ರಪಾತ. 90 ಇದ್ದದ್ದು 70 ಆಗಲು ಎಷ್ಟೋ ಸಲ ಅರ್ಧ ನಿಮಿಷವೂ ಬೇಡ. ಇನ್ನೊಂದು ತೊಡಕಿದೆ. ರಕ್ತ ಶ್ವಾಸಕೋಶದಿಂದ ಬೆರಳ ತುದಿ ಮುಟ್ಟಬೇಕು, ಯಂತ್ರ ಲೆಕ್ಕ ಹಾಕಬೇಕು. ಕೈ ತಣ್ಣಗಿದ್ದರೆ, ಬಿಪಿ ಕಡಿಮೆಯಿದ್ದರೆ ಇನ್ನೂ ತಡ. ಮಾನಿಟರ್ ತೋರಿಸುವುದು ಆಗಲೇ ಆಗಿಹೋದದ್ದನ್ನು. ಟ್ಯೂಬ್ ಸರಿಯಾಗಿ ಕೂತ ಮೇಲೂ ಅಂಕಿ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಹೊಸಬರು ಗಾಬರಿಬಿದ್ದು ಸರಿಯಾಗಿ ಕೂತ ಟ್ಯೂಬನ್ನೇ ಎಳೆದುಬಿಡುವ ಅಪಾಯ ಆಗಲೇ.

ಮಾನಿಟರ್‌ನ ಬೀಪ್ ಗಮನಿಸಿದ್ದೀರಾ? ಸ್ಯಾಚುರೇಷನ್ ಇಳಿದ ಹಾಗೆ ಅದರ ಶ್ರುತಿಯೂ ಇಳಿಯುತ್ತದೆ. ಪರದೆ ನೋಡದೆ ಕಿವಿಯಿಂದಲೇ ಗೊತ್ತಾಗಲಿ ಅಂತ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬೇರೊಂದು ಆಸ್ಪತ್ರೆಯಲ್ಲಿ, ಹೀಗೇ ಒಬ್ಬರಿಗೆ ಆತುರದಿಂದ ಮದ್ದು ಕೊಟ್ಟುಬಿಟ್ಟೆ. ಮಾಸ್ಕ್ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಾಯೊಳಗೆ ಇಟ್ಟು ಧ್ವನಿಪೆಟ್ಟಿಗೆ ಹುಡುಕುತ್ತಿದ್ದಾಗ ಬೆನ್ನ ಹಿಂದೆ ಆ ಸದ್ದು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಕೋಣೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿದರು. ಅವರು ಬದುಕಿದರು, ಆದರೆ ಆ ಇಳಿಯುವ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ತುಂಬಿಸುವುದರಲ್ಲೂ ಕೆಲಸವಿದೆ. ಚೀಲವಿರುವ ಮಾಮೂಲಿ ಆಕ್ಸಿಜನ್ ಮಾಸ್ಕ್‌ಗೆ 15 ಲೀಟರ್ ಬಿಟ್ಟರೂ 100 ಪರ್ಸೆಂಟ್ ಆಕ್ಸಿಜನ್ ಸಿಗುವುದಿಲ್ಲ, ಅಂಚಿನಿಂದ ಹೊರಗಿನ ಗಾಳಿ ನುಗ್ಗುತ್ತದೆ. ಗಡ್ಡ ಇದ್ದರೆ, ಹಲ್ಲಿಲ್ಲದೆ ಕೆನ್ನೆ ಒಳಗೆ ಹೋಗಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಬಿಗಿಯಾಗಿ ಕೂರುವ ಮಾಸ್ಕ್, ಅದಕ್ಕೆ ಬೈಪ್ಯಾಪ್‌ನ, ಅಂದರೆ ಮಾಸ್ಕ್ ಮೂಲಕ ಗಾಳಿ ತಳ್ಳುವ ಯಂತ್ರದ ಒತ್ತಡ. ಆ ಒತ್ತಡ ಮುಚ್ಚಿಹೋದ ಗಾಳಿಚೀಲಗಳನ್ನು ಬಿಡಿಸುತ್ತದೆ. 2024ರಲ್ಲಿ ಅಮೆರಿಕದಲ್ಲಿ 1301 ರೋಗಿಗಳ ಮೇಲೆ ನಡೆದ ಪ್ರಿಆಕ್ಸಿ ಅಧ್ಯಯನದ ಫಲ ಬಂತು. ಮಾಮೂಲಿ ಮಾಸ್ಕ್ ಹಾಕಿದವರಲ್ಲಿ 18.5 ಶೇಕಡಾ ಜನರ ಸ್ಯಾಚುರೇಷನ್ 85ಕ್ಕಿಂತ ಕೆಳಗೆ ಹೋಯಿತು. ಒತ್ತಡದ ಮಾಸ್ಕ್ ಹಾಕಿದವರಲ್ಲಿ 9.1 ಶೇಕಡಾ. ಅರ್ಧಕ್ಕರ್ಧ! ಒಂದು ಮಾಸ್ಕ್ ಬದಲಾಯಿಸಿದ್ದಕ್ಕೆ ಇಷ್ಟು ಫಲ ಸಿಗುವುದು ನಮ್ಮ ಕೆಲಸದಲ್ಲಿ ಅಪರೂಪ.

ಮದ್ದು ಕೊಟ್ಟ ಮೇಲೆ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತಬಾರದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ನಮಗೆ ಕಲಿಸಿದ್ದರು. ಹಾಗೆ ಬಾಯಿಪಾಠವೂ ಮಾಡಿದ್ದೆವು. 2019ರ ಪ್ರಿವೆಂಟ್ ಅಧ್ಯಯನದಲ್ಲಿ 401 ಐಸಿಯು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮೆಲ್ಲಗೆ ಬ್ಯಾಗ್ ಒತ್ತಿದವರಲ್ಲಿ 80ಕ್ಕಿಂತ ಕೆಳಗೆ ಹೋದವರು 10.9 ಶೇಕಡಾ, ಒತ್ತದೆ ಇದ್ದವರಲ್ಲಿ 22.8. ಭಯಪಟ್ಟ ಹಾಗೆ ಹೊಟ್ಟೆಯದ್ದು ಒಳಗೆ ಹೋದ ಪ್ರಕರಣ ಜಾಸ್ತಿಯಾಗಲಿಲ್ಲ. ವಾಂತಿಯೋ ರಕ್ತವೋ ಬಾಯಿಗೆ ಬರುತ್ತಿದ್ದರೆ ಮಾತು ಬೇರೆ.

ನನಗೆ ಈಗಲೂ ಬೆರಗು ಹುಟ್ಟಿಸುವುದು ಇನ್ನೊಂದು. ಎದೆ ಅಲುಗಾಡದಿದ್ದರೂ ಆಕ್ಸಿಜನ್ ಒಳಗೆ ಹೋಗುತ್ತದೆ! ರಕ್ತ ನಿಮಿಷಕ್ಕೆ 250 ಮಿಲಿಲೀಟರ್ ಆಕ್ಸಿಜನ್ ಎಳೆದುಕೊಳ್ಳುತ್ತದೆ, ಆದರೆ ಉಸಿರು ನಿಂತಾಗ ವಾಪಸ್ ಬರುವ ಕಾರ್ಬನ್ ಡೈಆಕ್ಸೈಡ್ ಅದರ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಆ ಖಾಲಿ ಜಾಗ ತುಂಬಲು ಮೇಲಿನಿಂದ ಗಾಳಿ ತಾನಾಗಿ ಇಳಿಯುತ್ತದೆ. 1959ರಲ್ಲಿ ಅರಿವಳಿಕೆ ತಜ್ಞ ಫ್ರುಮಿನ್ ಮತ್ತು ಜೊತೆಗಾರರು ಅರಿವಳಿಕೆ ಕೊಟ್ಟ ಎಂಟು ಜನರನ್ನು 18ರಿಂದ 55 ನಿಮಿಷದ ತನಕ ಉಸಿರಾಟವಿಲ್ಲದೆ ಇಟ್ಟರು, ಆಕ್ಸಿಜನ್ ಇಳಿಯಲಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತಾ ಹೋಗಿ ರಕ್ತ ಆಮ್ಲೀಯವಾಯಿತು, ಅದಕ್ಕೇ ಇದು ಸದಾ ನಡೆಯುವ ದಾರಿಯಲ್ಲ. ಇದೇ ತತ್ವದ ಮೇಲೆ ಟ್ಯೂಬ್ ಹಾಕುವಾಗ ಮೂಗಿನ ನಳಿಗೆಯಲ್ಲಿ 15 ಲೀಟರ್ ಆಕ್ಸಿಜನ್ ಬಿಟ್ಟಿರಿ ಅಂತ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ 2016ರ ಮಾರ್ಗಸೂಚಿ ಹೇಳುತ್ತದೆ. ಅದೇ ವರ್ಷ ಪ್ರಕಟವಾದ, ಅಮೆರಿಕದಲ್ಲಿ 150 ಐಸಿಯು ರೋಗಿಗಳ ಮೇಲೆ ನಡೆದಿದ್ದ ಅಧ್ಯಯನದಲ್ಲಿ ಇದರಿಂದ ಲಾಭ ಕಾಣಲಿಲ್ಲ. ಶ್ವಾಸಕೋಶವೇ ಕೆಟ್ಟಿದ್ದರೆ ಮೂಗಿನಲ್ಲಿ ಎಷ್ಟು ಬಿಟ್ಟರೂ ಅಷ್ಟೇ. ಆದರೂ ನಾನು ಬಿಡದೆ ಹಾಕುತ್ತೇನೆ. ಖರ್ಚಿಲ್ಲ, ತೊಂದರೆಯಿಲ್ಲ.

ಆ ರಾತ್ರಿಗೆ ಬರುತ್ತೇನೆ. ಅವರನ್ನು ಮಲಗಿಸಲಿಲ್ಲ, ತಲೆಕಡೆ ಎತ್ತರಿಸಿಯೇ ಇಟ್ಟೆವು. ಮಾಸ್ಕ್ ಕಿತ್ತೆಸೆಯುತ್ತಿದ್ದರು, ಆಕ್ಸಿಜನ್ ಕಡಿಮೆಯಾದ ಮಿದುಳಿಗೆ ಅದು ಉಸಿರು ಕಟ್ಟಿಸುವ ವಸ್ತುವಿನಂತೆ ಕಾಣುತ್ತದೆ. ಸ್ವಲ್ಪ ಕೆಟಮಿನ್ ಕೊಟ್ಟೆವು. ಅದು ಮನಸ್ಸನ್ನು ಶಾಂತ ಮಾಡುತ್ತದೆ, ಉಸಿರಾಟವನ್ನು ಬಹುಮಟ್ಟಿಗೆ ಹಾಗೇ ಬಿಡುತ್ತದೆ. 86, 89, 93. ಮೂರು ನಿಮಿಷಕ್ಕೆ 96. ಆಮೇಲೆ ಸ್ನಾಯು ಸಡಿಲಿಸುವ ಮದ್ದು, ಮೂಗಿನಲ್ಲಿ ನಳಿಗೆ, ವಿಡಿಯೋ ಲ್ಯಾರಿಂಗೋಸ್ಕೋಪ್. ಟ್ಯೂಬ್ ಒಂದೇ ಸಲಕ್ಕೆ ಹೋಯಿತು. ಬೀಪ್ ಎರಡು ಮೆಟ್ಟಿಲು ಇಳಿದು ನಿಂತಿತು. 91. ಕಾರ್ಬನ್ ಡೈಆಕ್ಸೈಡ್‌ನ ಅಲೆ ಪರದೆಯ ಮೇಲೆ ಮೂಡಿತು, ಅಂದರೆ ಟ್ಯೂಬ್ ಸರಿಯಾದ ಜಾಗದಲ್ಲೇ ಕೂತಿದೆ, ಮೆಲ್ಲಗೆ ಶ್ರುತಿ ಮೇಲಕ್ಕೆ ಬಂತು.

ಮಗನನ್ನು ಒಳಗೆ ಕರೆದೆ. ಅವನು ನನ್ನ ಮುಖವನ್ನೂ ನೋಡಲಿಲ್ಲ, ಟ್ಯೂಬನ್ನೂ ನೋಡಲಿಲ್ಲ. ನೇರ ಮಾನಿಟರ್ ನೋಡಿದ. "ತೊಂಬತ್ತೇಳು" ಅಂದ.