ಹಬ್ ಅಂದರೆ ಹೆಡ್ಡಾಫೀಸ್ ಅಲ್ಲ

'ಟಾರ್ಚ್‌ವುಡ್ ಸಂಸ್ಥೆಯ ಹೆಡ್ಡಾಫೀಸಾದ ಹಬ್' ಎಂಬ ಸಾಲನ್ನು ಈ ವಾರ ಮತ್ತೆ ಓದಿದೆ. ಎಷ್ಟನೇ ಸಲವೋ ಲೆಕ್ಕ ಬಿಟ್ಟಿದ್ದೇನೆ. ಟಾರ್ಚ್‌ವುಡ್ ಅನ್ನೋದು ಬ್ರಿಟನ್ನಿನ ಒಂದು ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ. ಬೇರೆ ಲೋಕದ ಜೀವಿಗಳ ಬೆನ್ನು ಹತ್ತುವ ಅದರೊಳಗಿನ ಗುಪ್ತ ಸಂಸ್ಥೆಯ ಹೆಸರೂ ಅದೇ. ವೇಲ್ಸ್‌ನ ಕಾರ್ಡಿಫ್ ಊರಲ್ಲಿ ಆ ಸಂಸ್ಥೆಯ ತಂಡ ಕೆಲಸ ಮಾಡುವ ಜಾಗವೇ ಹಬ್. ಸರಣಿಯನ್ನು ಪೂರ್ತಿ ನೋಡಿ ಮೆಚ್ಚಿದವರೇ ಹೀಗೆ ಬರೆಯುತ್ತಾರೆ, ಬೇಸರ ಅದಕ್ಕೇ. ಹಬ್ ಎಂಬ ಮಾತು ಯಾರಿಗೆ ಗೊತ್ತಿಲ್ಲ ಹೇಳಿ? ಐಟಿ ಹಬ್, ಮೆಡಿಕಲ್ ಹಬ್, ಯುಎಸ್‌ಬಿ ಹಬ್, ರಸ್ತೆಗೊಂದು ಮೊಬೈಲ್ ಹಬ್. ಬಳಸಿ ಬಳಸಿ ಅದರ ಅರ್ಥ ಸವೆದು, 'ದೊಡ್ಡದು, ಮುಖ್ಯವಾದದ್ದು' ಅಂತಷ್ಟೇ ಉಳಿದಿದೆ. ಆ ಸವೆದ ಅರ್ಥವನ್ನೇ ಹಿಡಿದುಕೊಂಡು ಹೋದರೆ ಕಾರ್ಡಿಫ್‌ನ ನೆಲದಡಿಯ ಆ ಜಾಗಕ್ಕೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ ಅನ್ನೋದೇ ಕಾಣುವುದಿಲ್ಲ.

ಹಬ್ ಮೂಲತಃ ಗಾಡಿ ಚಕ್ರದ ಮಾತು. ಎತ್ತಿನ ಗಾಡಿಯ ಗಾಲಿ ನೋಡಿದ್ದರೆ ನಡುವೆ ಒಂದು ದಪ್ಪ ಮರದ ತುಂಡು ಇರುತ್ತದೆ, ಅದೇ ಗುಂಬ. ಸುತ್ತಲಿನ ಅರೆಕಾಲುಗಳೆಲ್ಲ, ಅಂದರೆ ಸ್ಪೋಕುಗಳೆಲ್ಲ, ಅದರೊಳಗೆ ಬಂದು ನಾಟಿಕೊಳ್ಳುತ್ತವೆ. ಬಗ್ಗಿ ಹತ್ತಿರದಿಂದ ನೋಡಿ. ಅರೆಕಾಲು ಕೂತ ತೂತುಗಳ ಸುತ್ತ ಮರ ಧೂಳು ತಿಂದು ಕಪ್ಪಾಗಿರುತ್ತದೆ. ನಟ್ಟನಡುವೆ ಅಚ್ಚು ಹಾಯುವ ದೊಡ್ಡ ತೂತು, ಅದರ ಅಂಚಿಗೆ ಕೀಲೆಣ್ಣೆಯ ಜಿಡ್ಡು. ಅಚ್ಚು ಹಾಯಲಿ ಅಂತಲೇ ಆ ಜಾಗವನ್ನು ಖಾಲಿ ಬಿಟ್ಟಿರುವುದು. ತೂತಿಲ್ಲದ ಗುಂಬ ಬರೀ ಮರದ ದಿಮ್ಮಿ. ಈ ಒಂದು ವಿಷಯ ಮನಸ್ಸಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಇಂಗ್ಲಿಷಿನಲ್ಲೂ ಹಬ್ ಎಂಬುದು ತೀರಾ ಹಳೆಯ ಮಾತೇನಲ್ಲ. ಅದರ ಹುಟ್ಟು ಗಟ್ಟಿಯಾಗಿ ಇತ್ಯರ್ಥವಾಗಿಲ್ಲ. ಒಲೆಯ ಪಕ್ಕದ ಕಟ್ಟೆಗೆ ಹೇಳುವ ಹಾಬ್ ಎಂಬುದರದೇ ಇನ್ನೊಂದು ರೂಪ ಇರಬಹುದು ಅನ್ನುತ್ತಾರೆ. ಅದಕ್ಕಿಂತ ಹಿಂದಿನಿಂದ ಚಕ್ರದ ಈ ಭಾಗಕ್ಕೆ ಅವರು ಹೇಳುತ್ತಿದ್ದದ್ದು ನೇವ್ ಅಂತ. ಈ ನೇವ್, ಹೊಕ್ಕುಳಿಗೆ ಅವರು ಹೇಳುವ ನೇವಲ್, ಮತ್ತು ನಾವು ಪದ್ಮನಾಭ ಅಂತ ಹೆಸರಿಡುವಾಗ ಬಳಸುವ ನಾಭಿ, ಮೂರೂ ಒಂದೇ ಬೇರಿನವು. ಸಂಸ್ಕೃತದಲ್ಲಿ ನಾಭಿ ಅಂದರೆ ಹೊಕ್ಕುಳೂ ಹೌದು, ಗಾಲಿಯ ಗುಂಬವೂ ಹೌದು. ಸಾವಿರಾರು ಮೈಲಿ ದೂರದ ಎರಡು ನುಡಿಗಳು ಚಕ್ರದ ನಡುವನ್ನು ನೋಡಿ ಹೊಕ್ಕುಳನ್ನೇ ನೆನೆದಿವೆ! ಹೊಕ್ಕುಳು ಅಂದರೂ ಒಂದು ಕಾಲದಲ್ಲಿ ಅದರ ಮೂಲಕ ಏನೋ ಹಾಯುತ್ತಿತ್ತು ಅಂತಲೇ, ಅಲ್ವಾ? ತಾಯಿಯಿಂದ ಮಗುವಿಗೆ.

ಚಕ್ರದ ಹಬ್ಬನ್ನು ಊರಿಗೆ ಹಚ್ಚಿದ್ದು ಆಮೇಲೆ. ಅಮೆರಿಕದ ಬಾಸ್ಟನ್ ಊರಿಗೆ 'ದಿ ಹಬ್' ಎಂಬ ಅಡ್ಡಹೆಸರು ಇವತ್ತಿಗೂ ಇದೆ. 1858ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಅಲ್ಲಿನ ಸ್ಟೇಟ್ ಹೌಸನ್ನು ಸೌರಮಂಡಲದ ಹಬ್ ಅಂತ ಕರೆದಿದ್ದ. ಅಲ್ಲಿಂದ ಬಂದ ಹೆಸರು ಅದು.

ಇನ್ನು ಹೆಡ್‌ಕ್ವಾರ್ಟರ್ಸ್ ಮಾತು. ಕ್ವಾರ್ಟರ್ಸ್ ಅಂದರೆ ಬಿಡಾರ. ಪೊಲೀಸ್ ಕ್ವಾರ್ಟರ್ಸ್, ರೈಲ್ವೆ ಕ್ವಾರ್ಟರ್ಸ್ ಅನ್ನುತ್ತೇವಲ್ಲ, ಅದೇ. ಸೈನ್ಯದ ಮುಖ್ಯಸ್ಥ ಎಲ್ಲಿ ಬಿಡಾರ ಹೂಡುತ್ತಾನೋ ಅದು ಹೆಡ್‌ಕ್ವಾರ್ಟರ್ಸ್. ಅಂದರೆ ಅದು ಆಳಿನ ಹಿಂದೆ ಹೋಗುತ್ತದೆ. ಇದಕ್ಕೆ ನಮ್ಮ ಹಳೆಯ ಶಾಸನಗಳಲ್ಲಿ ಸೊಗಸಾದ ಮಾತಿದೆ: ನೆಲೆವೀಡು. ಚಾಲುಕ್ಯ ದೊರೆಗಳು 'ಕಲ್ಯಾಣದ ನೆಲೆವೀಡಿನೊಳ್' ಸುಖವಾಗಿ ರಾಜ್ಯ ಆಳುತ್ತಿರಲು ಅಂತ ಶಾಸನದ ಮೇಲೆ ಶಾಸನ ಶುರುವಾಗುತ್ತದೆ. ದೊರೆ ಇದ್ದ ಕಡೆ ಬೀಡು. ಅಪ್ಪಣೆ ಹೊರಡುವ ಜಾಗ ಅದು.

ಈ ಎರಡನ್ನೂ ಬೆಂಗಳೂರಲ್ಲೇ ನೋಡಬಹುದು. ಕೆಎಸ್‌ಆರ್‌ಟಿಸಿಯ ಹಬ್ ಮೆಜೆಸ್ಟಿಕ್. ಅದರ ಕೇಂದ್ರ ಕಚೇರಿ ಇರುವುದು ಶಾಂತಿನಗರದಲ್ಲಿ. ಕಚೇರಿಯನ್ನು ನಾಳೆ ಬೇರೆ ಕಡೆಗೆ ಸಾಗಿಸಿದರೆ ಪ್ರಯಾಣಿಕರಿಗೆ ಗೊತ್ತೂ ಆಗದು. ಮೆಜೆಸ್ಟಿಕ್ಕನ್ನು ಸಾಗಿಸಿ ನೋಡಿ.

ಈಗ ಕಾರ್ಡಿಫ್‌ಗೆ ಬರೋಣ. ಟಾರ್ಚ್‌ವುಡ್ ಮೊದಲು ಪ್ರಸಾರವಾದದ್ದು 2006ರ ಅಕ್ಟೋಬರ್‌ನಲ್ಲಿ, ಬಿಬಿಸಿ ತ್ರೀಯಲ್ಲಿ. ಮೊದಲ ಕಂತಿನಲ್ಲೇ ಕಾರ್ಡಿಫ್ ತಂಡದ ನಾಯಕ ಜ್ಯಾಕ್ ಹಾರ್ಕ್‌ನೆಸ್, ಹೊಸದಾಗಿ ಬಂದ ಗ್ವೆನ್ ಕೂಪರ್‌ಗೆ ಲೆಕ್ಕ ಒಪ್ಪಿಸುತ್ತಾನೆ. ಒಂದನೇ ಟಾರ್ಚ್‌ವುಡ್ ಲಂಡನ್ನಿನಲ್ಲಿತ್ತು, ನಾಶವಾಯಿತು. ಎರಡನೆಯದು ಗ್ಲಾಸ್ಗೋದ ಒಂದು ಆಫೀಸು. ಮೂರನೆಯದು ಕಾರ್ಡಿಫ್. ನಾಲ್ಕನೆಯದು ಕಾಣೆಯಾಗಿದೆ. ಹಬ್ ಇರುವುದು ಮೂರನೇ ನಂಬರಿನಲ್ಲಿ. ಇಷ್ಟು ಬಿಡಿಸಿ ಹೇಳಿದ ಮೇಲೂ ಅದನ್ನು ಹೆಡ್ಡಾಫೀಸ್ ಅಂದರೆ ಹೇಗೆ? ನಿಜವಾದ ಹೆಡ್ಡಾಫೀಸು ಲಂಡನ್ನಿನ ಕ್ಯಾನರಿ ವಾರ್ಫ್‌ನ ಆ ಎತ್ತರದ ಗೋಪುರ. ಲಂಡನ್ ಘಟಕದ ಮುಖ್ಯಸ್ಥೆ ಇವೊನ್ ಹಾರ್ಟ್‌ಮನ್ ಕೂತು ಆಳುತ್ತಿದ್ದದ್ದು ಅಲ್ಲಿ.

ಹಾಗಾದರೆ ಕಾರ್ಡಿಫ್ ಯಾಕೆ? ಕಾಲ ಮತ್ತು ಸ್ಥಳದ ಬಿರುಕೊಂದು ಆ ಊರಿನ ಮೂಲಕ ಹಾದುಹೋಗುತ್ತದೆ, ಅದಕ್ಕೆ. ಅಪ್ಪಣೆ ಕೊಡಲು ಅನುಕೂಲವಾದ ಜಾಗ ಅಂತ ಯಾರೂ ಅದನ್ನು ಆರಿಸಲಿಲ್ಲ. ಬಿರುಕು ಅಚ್ಚಿದ್ದಂತೆ, ಹಬ್ ಅದರ ಸುತ್ತ ಕೂತ ಗುಂಬ. ಬಿರುಕಿನಿಂದ ಉದುರಿದ್ದೆಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿಂದ ವೀವಿಲ್ ಎಂಬ ಬೇರೆ ಲೋಕದ ಜೀವಿಗಳು ನೆಲಮಾಳಿಗೆಯ ಕೋಣೆಗೆ, ಹೆಣಗಳು ತಣ್ಣನೆಯ ಡ್ರಾಯರಿಗೆ, ಸಾಮಾನುಗಳು ದಾಸ್ತಾನಿಗೆ. ಬಿರುಕು ಎಳೆದುಕೊಂಡು ಹೋಗಿ ಮತ್ತೆ ಉಗುಳಿದ ಮನುಷ್ಯರು ಫ್ಲಾಟ್ ಹೋಮ್ ದ್ವೀಪಕ್ಕೆ. ಆ ದ್ವೀಪದ ಕಂತನ್ನು ನೋಡಿದವರಿಗೆ ಅರೆಕಾಲಿನ ತುದಿಯಲ್ಲಿ ಎಂಥ ನೋವು ಇದೆ ಅನ್ನೋದೂ ಗೊತ್ತು.

ಲಂಡನ್ನಿನ ಆ ಗೋಪುರವನ್ನೂ ಒಂದು ಬಿರುಕಿಗಾಗಿಯೇ ಕಟ್ಟಿದ್ದಲ್ವಾ ಅಂತ ಕೇಳಬಹುದು. ಹೌದು, ಆರುನೂರು ಅಡಿ ಎತ್ತರದಲ್ಲಿದ್ದ ಬಿರುಕನ್ನು ಮುಟ್ಟಲು ಕಟ್ಟಿದ್ದು. ಒಳ್ಳೆಯ ಪ್ರಶ್ನೆ. ಆದರೆ ಅದು ಹೆಡ್ಡಾಫೀಸ್ ಆದದ್ದು ಬಿರುಕಿನಿಂದ ಅಲ್ಲ, ಅಲ್ಲಿಂದ ಹೊರಡುತ್ತಿದ್ದ ಅಪ್ಪಣೆಯಿಂದ. ಆ ಘಟಕ ನಾಶವಾದ ಮೇಲೆ ಆದದ್ದನ್ನೇ ನೋಡಿ. ಹೇಳುವವರಿಲ್ಲದ ಕಾರ್ಡಿಫ್ ತಂಡವನ್ನು ಜ್ಯಾಕ್ ತನ್ನ ರೀತಿಯಲ್ಲಿ ಹೊಸದಾಗಿ ಕಟ್ಟಿದ. ತಲೆ ಹೋಯಿತು, ಗುಂಬ ತಿರುಗುತ್ತಲೇ ಇತ್ತು.

ಮೇಲಿನ ಜಾಗವೂ ಈ ಹೆಸರಿಗೆ ಪುಷ್ಟಿ ಕೊಡುತ್ತದೆ. ಹಬ್ ಇದೆ ಅಂತ ಸರಣಿ ತೋರಿಸುವುದು ರೋಲ್ಡ್ ಡಾಲ್ ಪ್ಲಾಸ್ ಎಂಬ ಬಯಲಿನ ಕೆಳಗೆ. ಸಾಹಿತಿ ಡಾಲ್ 1916ರಲ್ಲಿ ಕಾರ್ಡಿಫ್‌ನಲ್ಲೇ ಹುಟ್ಟಿದವನು. ಅವನ ಹೆತ್ತವರು ನಾರ್ವೆಯವರು, ಅದಕ್ಕೇ ಪ್ಲೇಸ್ ಬದಲು ನಾರ್ವೆ ನುಡಿಯ ಪ್ಲಾಸ್. ಈ ಹೆಸರು ಬರುವ ಮುಂಚೆ ಆ ಬಯಲು ಬ್ಯೂಟ್ ವೆಸ್ಟ್ ಡಾಕ್‌ಗೆ ಹಡಗುಗಳು ಒಳಬರುವ ನೀರಿನ ಕೊಳವಾಗಿತ್ತು. 1839ರಲ್ಲಿ ತೆರೆದ ಡಾಕ್ ಅದು. ವೇಲ್ಸ್ ಕಣಿವೆಗಳ ಕಲ್ಲಿದ್ದಲು ರೈಲಿನಲ್ಲಿ ಇಳಿದು ಬಂದು, ಇಲ್ಲಿಂದ ಹಡಗೇರಿ ಲೋಕವೆಲ್ಲ ಹೋಗುತ್ತಿತ್ತು. ಬಿರುಕಿನ ಕಥೆ ಹುಟ್ಟುವ ಎಷ್ಟೋ ಮೊದಲೇ ಅದು ಹಬ್ ಆಗಿತ್ತು. ಈಗ ಅಲ್ಲಿ ನೀರು ಇಳಿಯುವ ಲೋಹದ ಕಂಬವಿದೆ. ಅದರ ಬುಡದ ಹಾಸುಗಲ್ಲೇ ಸರಣಿಯಲ್ಲಿ ಕಣ್ಣಿಗೆ ಬೀಳದ ಲಿಫ್ಟ್.

ಇದರ ಜೊತೆಗೊಂದು ಚಿಕ್ಕ ತಪ್ಪು. ಸೈರನ್ ಕೂಗಿ ಉರುಳಿ ತೆರೆಯುವ ಹಲ್ಲುಚಕ್ರದ ಬಾಗಿಲನ್ನು ತೋರಿಸಿ 'ಇದೇ ಹಬ್' ಅನ್ನುತ್ತಾರೆ. ಅದು ಬರೀ ಬಾಗಿಲು.

2009ರ ಜುಲೈನಲ್ಲಿ, ಐದು ರಾತ್ರಿ ಬಿಡದೆ ಪ್ರಸಾರವಾದ ಕಥೆಯಲ್ಲಿ, ಜ್ಯಾಕ್‌ನ ಹೊಟ್ಟೆಯೊಳಗೆ ಬಾಂಬ್ ಇಟ್ಟು ಹಬ್ಬನ್ನು ಸಿಡಿಸುತ್ತಾರೆ. ತಂಡ ಲಂಡನ್ನಿನ ಹಳೆಯ ಗೋದಾಮೊಂದರಲ್ಲಿ ಕೂತು ಕೆಲಸ ಮುಂದುವರಿಸುತ್ತದೆ. ಅಂದರೆ ಬಿಡಾರ ಬದಲಾಯಿತು, ನೆಲೆವೀಡು ಗೋದಾಮಿಗೆ ಬಂತು. ಹಬ್ ಮಾತ್ರ ಅವರ ಜೊತೆ ಬರಲಿಲ್ಲ, ಬರಲು ಆಗುತ್ತಲೂ ಇರಲಿಲ್ಲ. ಬಿರುಕು ಕಾರ್ಡಿಫ್‌ನಲ್ಲೇ ಉಳಿಯಿತಲ್ಲ.

ಹಬ್‌ನ ಒಳಾಂಗಣವೆಲ್ಲ ಪಾಂಟಿಪ್ರಿಡ್ ಹತ್ತಿರದ ಅಪ್ಪರ್ ಬೋಟ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಆದರೆ ಟೂರಿಸ್ಟ್ ಆಫೀಸಿನ ವೇಷದಲ್ಲಿದ್ದ ಹೊರಬಾಗಿಲು ಮಾತ್ರ ಕಾರ್ಡಿಫ್‌ನ ಮರ್ಮೇಡ್ ಕೀ ದಡದಲ್ಲಿ ನಿಜವಾಗಿ ಇರುವಂಥದ್ದು. ಆ ಐದು ರಾತ್ರಿಗಳಲ್ಲಿ ಸತ್ತ, ತಂಡದ ಯಾಂಟೋ ಜೋನ್ಸ್ ಎಂಬ ಪಾತ್ರಕ್ಕಾಗಿ ಜನ ಅಲ್ಲಿಗೇ ಬಂದು ಹೂವು, ಚೀಟಿ, ಫೋಟೋ ಇಟ್ಟು ಹೋಗತೊಡಗಿದರು. ಕ್ಯಾನರಿ ವಾರ್ಫ್‌ಗೆ ಯಾರೂ ಹೂವು ಒಯ್ಯಲಿಲ್ಲ.