ಸ್ಟಿಕ್ಕರ್ ಮೇಲಿರುವುದು ತಾರೀಖಲ್ಲ

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಾನು ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡುತ್ತೇನೆ. ಟ್ಯಾಕ್ಸಿ ಓಡಿಸುವವರು, ಪೇಂಟಿಂಗ್ ಕೆಲಸದವರು, ಮನೆಯಡುಗೆ ಡಬ್ಬಿ ತಲುಪಿಸುವ ಒಂದಿಬ್ಬರು ಅಕ್ಕಂದಿರು. ಇವರಲ್ಲಿ ಊರಿಂದ ಹೊಸದಾಗಿ ಬಂದವರ ಫೋನು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ: "ಸಾರ್, ಆರ್‌ಯುಸಿ ಜೂನ್‌ನಲ್ಲಿ ಕಟ್ಟಿದ್ದೆ. ಇನ್ನೂ ವರ್ಷ ಆಗಿಲ್ಲ. ಇದೇನು ಬಾಕಿ ನೋಟಿಸು?"

ಆರ್‌ಯುಸಿ ಅಂದರೆ ರೋಡ್ ಯೂಸರ್ ಚಾರ್ಜಸ್, ಓಡಿಸುವ ಕಿಲೋಮೀಟರಿಗೆ ಮೊದಲೇ ಕಟ್ಟುವ ರಸ್ತೆ ತೆರಿಗೆ. ಜೂನ್‌ನಲ್ಲಿ ಕಟ್ಟಿದ್ದು ಸರಿ ಮಾರಾಯ್ರೆ. ಆದರೆ ನೀವು ಕೊಂಡಿದ್ದು ವರ್ಷವನ್ನಲ್ಲ, 5,000 ಕಿಲೋಮೀಟರನ್ನು. ಅದು ಆಗಸ್ಟ್‌ನಲ್ಲೇ ಓಡಿ ಮುಗಿದಿದೆ.

ತಪ್ಪು ಅವರದ್ದು ಅಂತ ಪೂರ್ತಿ ಹೇಳಲಾರೆ. ಕರ್ನಾಟಕದಲ್ಲಿ ಕಾರು ಕೊಂಡಾಗ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೈತೊಳೆದುಕೊಂಡವರು ನಾವು. ಆಮೇಲೆ ಕಾರು ಶೆಡ್ಡಲ್ಲಿ ನಿಂತಿರಲಿ, ದಿನಾ ತುಮಕೂರಿಗೆ ಹೋಗಿ ಬರಲಿ, ಆ ತೆರಿಗೆ ಬದಲಾಗುವುದಿಲ್ಲ. ಓಡಿದಷ್ಟಕ್ಕೆ ಕೊಡುವ ತೆರಿಗೆ ಪೆಟ್ರೋಲ್ ರೇಟಿನೊಳಗೇ ಸೇರಿರುತ್ತದೆ. ಬಂಕಿನಲ್ಲಿ ಬೈದುಕೊಳ್ಳುತ್ತಾ ಕೊಟ್ಟು ಬರುತ್ತೇವೆ, ಅಲ್ವಾ?

ಇಲ್ಲೂ ಪೆಟ್ರೋಲ್ ಕಾರಿನವರು ಅದನ್ನೇ ಮಾಡುವುದು. ಲೀಟರಿಗೆ ಸುಮಾರು 70 ಸೆಂಟ್ ರಸ್ತೆಯ ಲೆಕ್ಕಕ್ಕೆ ಹೋಗುತ್ತದೆ, ಅದರ ಮೇಲೆ ಜಿಎಸ್‌ಟಿ. ಡೀಸೆಲ್‌ಗೆ ಆ ತೆರಿಗೆ ಇಲ್ಲ. ಯಾಕಂದ್ರೆ ಡೀಸೆಲ್ ಟ್ರ್ಯಾಕ್ಟರಿಗೂ ಹೋಗುತ್ತದೆ, ಮೀನು ಹಿಡಿಯುವ ದೋಣಿಗೂ ಹೋಗುತ್ತದೆ. ರಸ್ತೆಗೇ ಇಳಿಯದ ದೋಣಿಯಿಂದ ರಸ್ತೆ ತೆರಿಗೆ ವಸೂಲಿ ಮಾಡಿ ಆಮೇಲೆ ವಾಪಸ್ ಕೊಡುವ ತಲೆನೋವು ಯಾರಿಗೆ ಬೇಕು? ಹಾಗಾಗಿ ಡೀಸೆಲ್ ಗಾಡಿಗಳು 1978ರಿಂದಲೂ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟುತ್ತಿವೆ. 2024ರ ಏಪ್ರಿಲ್ 1ರಿಂದ ಎಲೆಕ್ಟ್ರಿಕ್ ಕಾರುಗಳೂ ಸೇರಿಕೊಂಡವು. ಸಣ್ಣ ಗಾಡಿಗೆ 1,000 ಕಿಲೋಮೀಟರಿಗೆ 76 ಡಾಲರ್. ಲಾರಿಗಳದ್ದು ತೂಕ, ಆಕ್ಸಲ್ ನೋಡಿ ಬೇರೆ ರೇಟು, ಆ ಕಥೆ ಇಲ್ಲಿ ಬೇಡ.

"ಹೊಗೆಯೇ ಬಿಡದ ಕಾರಿಗೆ ಎಂಥ ತೆರಿಗೆ?" ಅಂತ ಜಗಳಕ್ಕೆ ಬರುವವರಿದ್ದಾರೆ. ಇದು ಹೊಗೆಯ ತೆರಿಗೆ ಅಲ್ಲ, ರಸ್ತೆಯ ಬಾಡಿಗೆ. 100 ಕಿಲೋಮೀಟರಿಗೆ 10 ಲೀಟರ್ ಕುಡಿಯುವ ಪೆಟ್ರೋಲ್ ಕಾರು 1,000 ಕಿಲೋಮೀಟರಿಗೆ 80 ಡಾಲರ್ ಆಸುಪಾಸು ಕೊಡುತ್ತದೆ. ಅವರಿಗೆ ಅದು ಬಿಲ್ಲಿನಲ್ಲಿ ಬೇರೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ಹೊಟ್ಟೆ ಉರಿದುಕೊಳ್ಳಬೇಕು ಅಂತಿದ್ದರೆ ಸಣ್ಣ ಹೈಬ್ರಿಡ್ ಕಾರಿನವರನ್ನು ನೋಡಿ. ಪೆಟ್ರೋಲ್ ಕಮ್ಮಿ ಕುಡಿಯುವುದರಿಂದ ಅವರು ನಿಜಕ್ಕೂ ಅರ್ಧಕ್ಕಿಂತ ಕಮ್ಮಿ ಕೊಡುತ್ತಿದ್ದಾರೆ. ಎಲ್ಲ ಗಾಡಿಗಳನ್ನೂ ಕಿಲೋಮೀಟರ್ ಲೆಕ್ಕಕ್ಕೆ ತರುತ್ತೇವೆ ಅಂತ ಸರ್ಕಾರ 2025ರಲ್ಲಿ ಹೇಳಿದ್ದಕ್ಕೆ ಅದೂ ಒಂದು ಕಾರಣ.

ಈಗ ಸ್ಟಿಕ್ಕರ್ ವಿಷಯಕ್ಕೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗಾಜಿನ ಮೇಲಿನ ಆರ್‌ಯುಸಿ ಚೀಟಿಯಲ್ಲಿ ಎರಡು ನಂಬರ್ ಇರುತ್ತವೆ. 84,000 ಮತ್ತು 89,000 ಅಂತಿಟ್ಟುಕೊಳ್ಳಿ. ಅವು ನಿಮ್ಮ ಓಡೋಮೀಟರಿನ ರೀಡಿಂಗು. ಮೀಟರ್ 89,000 ದಾಟಿದ ಕ್ಷಣದಿಂದ ನೀವು ಟಿಕೆಟ್ ಇಲ್ಲದೆ ಬಸ್ಸಲ್ಲಿ ಕೂತಿದ್ದೀರಿ. ಪಕ್ಕದಲ್ಲೇ ಇರುವ ರೆಜೋ, ಅಂದರೆ ಗಾಡಿಯ ನೋಂದಣಿ ಚೀಟಿಯ ಮೇಲೆ ಮಾತ್ರ ತಾರೀಖು ಇರುತ್ತದೆ. ಅದೇ ಬೇರೆ, ಇದೇ ಬೇರೆ.

ಮುಂದಿನದು ಇನ್ನೂ ಮುಖ್ಯ. ಮೀಟರ್ 91,300 ತೋರಿಸುತ್ತಿದೆ. ಗಾಬರಿಯಾಗಿ 1,000 ಕಿಲೋಮೀಟರ್ ಕೊಂಡಿರಿ. ಅದು 91,300ರಿಂದ ಶುರುವಾಗುವುದಿಲ್ಲ! ಹಳೆಯದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಅಂದರೆ 89,000ದಿಂದ 90,000. ದುಡ್ಡು ಕಟ್ಟಿದ ಮೇಲೂ 1,300 ಬಾಕಿ. ಕನಿಷ್ಠ 3,000 ಕೊಂಡರೆ ಮಾತ್ರ ಮೀಟರ್ ಚೀಟಿಯೊಳಗೆ ಬರುತ್ತದೆ. ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ, ಮೊದಲು ಹಳೇ ಬಾಕಿ ಚುಕ್ತಾ ಆಗಬೇಕು. ಪ್ರತಿ ಸಲ ಕೊಂಡಾಗಲೂ ಬೇರೆ ಶುಲ್ಕ ಇರುವುದರಿಂದ ಸಾವಿರ ಸಾವಿರ ಕೊಳ್ಳುವುದು ಹೇಗೂ ನಷ್ಟ.

ನಮ್ಮ ಹಾಸನದ ಕಡೆಯ ಹುಡುಗನೊಬ್ಬ ಹಳೇ ಡೀಸೆಲ್ ಪಿಕಪ್ ಕೊಂಡ. ಟೈರು ಒದ್ದು ನೋಡಿದ್ದಾನೆ, ಇಂಜಿನ್ ಸದ್ದು ಕೇಳಿದ್ದಾನೆ, ಇನ್ನೂರು ಡಾಲರ್ ಚೌಕಾಸಿ ಮಾಡಿ ಇಳಿಸಿದ್ದಾನೆ. ಚೀಟಿಗೂ ಮೀಟರಿಗೂ 6,000 ಕಿಲೋಮೀಟರ್ ಅಂತರ ಇರುವುದನ್ನು ಮಾತ್ರ ನೋಡಿಲ್ಲ. ವಾರೆಂಟ್ ಆಫ್ ಫಿಟ್‌ನೆಸ್‌ಗೆ, ಅಂದರೆ ಗಾಡಿ ರಸ್ತೆಗೆ ಯೋಗ್ಯವೋ ಅನ್ನುವ ತಪಾಸಣೆಗೆ ಹೋದಾಗ ಮೀಟರ್ ಬರೆದುಕೊಳ್ಳುತ್ತಾರೆ, ಅಲ್ಲಿಗೆ ಬಣ್ಣ ಬಯಲು. 456 ಡಾಲರ್. ಮಾರಿದವನು ಫೋನ್ ಎತ್ತಲಿಲ್ಲ. ಇಂಥದರಲ್ಲಿ ಯಾರು ಹೊಣೆ ಅನ್ನುವುದು ನೀವು ಡೀಲರ್ ಹತ್ತಿರ ಕೊಂಡಿರೋ, ಖಾಸಗಿಯವರ ಹತ್ತಿರವೋ, ಕಾಗದದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಹೋಗುತ್ತದೆ. ನಾನು ಇಲ್ಲಿ ಕೂತು ಖಂಡಿತ ಅಂತ ಹೇಳುವುದಿಲ್ಲ. ಆದರೆ ಗಾಡಿ ನಿಮ್ಮ ಹೆಸರಿಗೆ ಬಂದ ಮೇಲೆ ನೋಟಿಸು ಬರುವುದು ನಿಮ್ಮ ಮನೆಗೆ.

ಇನ್ನೊಬ್ಬರು ಹಿರಿಯರು, ನನಗೆ ಬಹಳ ಬೇಕಾದವರು. ಪೆಟ್ರೋಲಿನಲ್ಲೂ, ಚಾರ್ಜ್ ಮಾಡಿದ ಕರೆಂಟಿನಲ್ಲೂ ಓಡುವ ಪ್ಲಗ್‌ಇನ್ ಹೈಬ್ರಿಡ್ ಇಟ್ಟುಕೊಂಡಿದ್ದಾರೆ. ಅದು ಪೆಟ್ರೋಲ್ ಕುಡಿದಾಗ ತೆರಿಗೆ ಬಂಕಿನಲ್ಲಿ ಹೋಗುತ್ತದೆ ಅಂತ ಆರ್‌ಯುಸಿ ಅರ್ಧ, 38 ಡಾಲರ್. ಉಳಿದದ್ದು ಕರೆಂಟಿನಲ್ಲಿ ಓಡಲಿ ಅನ್ನುವ ಲೆಕ್ಕ. "ಖರ್ಚು ಯಾಕೋ ಜಾಸ್ತಿ ಆಗ್ತಿದೆಯಲ್ಲಪ್ಪಾ" ಅಂದರು. ಹೋಗಿ ಡಿಕ್ಕಿ ತೆಗೆದು ನೋಡಿದೆ. ಚಾರ್ಜಿಂಗ್ ಕೇಬಲ್ ಕಂಪನಿಯ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಮೇಲೆ ಅಕ್ಕಿ ಮೂಟೆ. ಎರಡು ವರ್ಷದಿಂದ ಎರಡೂ ಕಡೆ ಕಟ್ಟುತ್ತಿದ್ದರು.

ಈಗೀಗ ನಾನು ಫೋನಿನಲ್ಲಿ ವಾದ ಮಾಡುವುದನ್ನೇ ಬಿಟ್ಟಿದ್ದೇನೆ. ಚೀಟಿಯದೊಂದು, ಮೀಟರಿನದೊಂದು, ಎರಡು ಫೋಟೋ ಕಳಿಸಿ ಅನ್ನುತ್ತೇನೆ. ಮೊನ್ನೆ ಒಬ್ಬರು ತಕ್ಷಣ ಕಳಿಸಿದರು, ಜೊತೆಗೆ "ಇನ್ನೂ ಬೇಕಾದಷ್ಟಿದೆ ಸಾರ್, ಸುಮ್ನೆ ಹೆದರಿಸಬೇಡಿ" ಅನ್ನುವ ಮೆಸೇಜು. ಫೋಟೋ ದೊಡ್ಡದು ಮಾಡಿ ನೋಡಿದೆ. ತೆಗೆದಿದ್ದು ಟ್ರಿಪ್ ಮೀಟರಿನದು. 212.4.