ತಾಳಿ ಕಟ್ಟಿದ್ದು ಕಾಣಲಿಲ್ಲ, ಕೇಳಿಸಿತು

ಸಿನಿಮಾ ಶಾಲೆಗೆ ಹೋದವನಲ್ಲ ನಾನು. ಅಪ್ಪನದು ಕೊಪ್ಪಳದಲ್ಲಿ ಸಣ್ಣ ಫೋಟೋ ಸ್ಟುಡಿಯೋ. ಅವರಿಗೆ ಸಿಕ್ಕ ಮದುವೆ ಆರ್ಡರ್‌ಗಳೇ ನನ್ನ ಪಾಠ. ಅದರಲ್ಲೂ ಗಂಗಾವತಿಯ ಒಂದು ಮದುವೆಯಲ್ಲಿ ಕೆಲಸ ಪೂರ್ತಿ ಕೆಟ್ಟಿತ್ತು. ಎಡಿಟಿಂಗ್ ಅಂದರೇನು ಅಂತ ನನಗೆ ತಿಳಿದದ್ದು ಆವಾಗಲೇ.

ಗಟ್ಟಿಮೇಳ ಶುರುವಾಯಿತು. ಅಷ್ಟರಲ್ಲಿ ಹತ್ತಾರು ನೆಂಟರು ಮೊಬೈಲ್ ಎತ್ತಿಕೊಂಡು ನನ್ನ ಕ್ಯಾಮೆರಾ ಮುಂದೆ ನಿಂತರು. ಮದುಮಗನ ಪೇಟದ ತುದಿ ಬಿಟ್ಟರೆ ನನಗೇನೂ ಸಿಗಲಿಲ್ಲ. ತಾಳಿ ಕಟ್ಟೋದೇ ಇಲ್ಲದ ಮದುವೆ ವಿಡಿಯೋ ಕೊಟ್ಟರೆ ಬಾಕಿ ದುಡ್ಡು ಬರುತ್ತಾ?

ಎರಡು ದಿನ ಎಡಿಟಿಂಗ್ ಟೈಮ್‌ಲೈನ್ ಮುಂದೆ ಸುಮ್ನೆ ಕೂತಿದ್ದೆ. ಆಮೇಲೆ ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದ ಎರಡನೇ ಕ್ಯಾಮೆರಾ ನೆನಪಾಯಿತು. ಅದರಲ್ಲಿ ಹುಡುಗಿಯ ತಾಯಿ ಇದ್ದರು. ಮುಷ್ಟಿಯಲ್ಲಿ ಅಕ್ಕಿಕಾಳು. ವಾದ್ಯ ಜೋರಾದಂತೆ ಮುಷ್ಟಿ ಬಿಗಿಯಾಗುತ್ತದೆ. ಸುತ್ತಲಿನವರೆಲ್ಲ ಅಕ್ಕಿಕಾಳು ಹಾಕಿ ಆಯಿತು, ಆಕೆಯದು ಮಾತ್ರ ಇನ್ನೂ ಕೈಯಲ್ಲೇ ಇದೆ. ಆ ಶಾಟನ್ನು 11 ಸೆಕೆಂಡ್ ಮುಟ್ಟದೆ ಬಿಟ್ಟೆ. ಹಿಂದೆ ಬರೀ ಗಟ್ಟಿಮೇಳ. ಅದಾದ ಮೇಲೆ ಕೊರಳಲ್ಲಿ ತಾಳಿ ಇರುವ ಮದುಮಗಳು. ಮನೆಯವರು ನೋಡಿದರು, ಅತ್ತರು. ತಾಳಿ ಕಟ್ಟೋದು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಬಾಕಿಯೂ ಬಂತು.

ನೋಡುವವರು ಅರ್ಧ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆಯೇ ಇದನ್ನು ಮಾಡಿ ತೋರಿಸಿದ್ದ. ಒಬ್ಬ ನಟನ ಒಂದೇ ಮುಖ. ಸೂಪ್ ತಟ್ಟೆಯ ಜೊತೆ ಜೋಡಿಸಿದರೆ ಜನಕ್ಕೆ ಹಸಿವು ಕಂಡಿತು, ಶವಪೆಟ್ಟಿಗೆಯ ಜೊತೆ ಜೋಡಿಸಿದರೆ ದುಃಖ ಕಂಡಿತು.

ಆದರೆ ನನಗೆ ಜಾಸ್ತಿ ಕಲಿಸಿದ್ದು ತೊಗಲುಗೊಂಬೆ ಆಟ. 2025ರಲ್ಲಿ ಪದ್ಮಶ್ರೀ ಬಂದ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಜಿಲ್ಲೆಯ ಮೋರನಾಳದವರು ಅಲ್ವಾ, ಆ ವಿದ್ಯೆ ಇಲ್ಲೇ ಇದೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆಗೆರೆಯೂ ಸ್ಪಷ್ಟ. ದೀಪದ ಕಡೆ ಹಿಂದಕ್ಕೆ ಎಳೆದರೆ ನೆರಳು ದೊಡ್ಡದಾಗಿ ಮಸುಕಾಗಿ ಕರಗುತ್ತದೆ. ನಾವು ಸಾಫ್ಟ್‌ವೇರ್‌ನಲ್ಲಿ ಬಟನ್ ಒತ್ತಿ ಮಾಡುವ ಡಿಸಾಲ್ವ್, ಅಂದರೆ ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು, ಅಲ್ಲಿ ಗೊಂಬೆ ಆಡಿಸುವವರ ಮಣಿಕಟ್ಟಿನಲ್ಲಿದೆ. ನಾನು ನೋಡಿದ ಒಂದು ಆಟದಲ್ಲಿ ಪರದೆ ಖಾಲಿ ಇರುವಾಗಲೇ ಪದ ಶುರುವಾಯಿತು, ಗೊಂಬೆ ಆಮೇಲೆ ಬಂತು. ಎಡಿಟರ್‌ಗಳು ಇದಕ್ಕೆ ಜೆ-ಕಟ್ ಅಂತಾರೆ. ಮುಂದಿನ ದೃಶ್ಯದ ಸದ್ದು ಮೊದಲು, ಚಿತ್ರ ನಂತರ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 12 ಫ್ರೇಮ್ ಮುಂಚೆ ಸದ್ದು ಬಿಟ್ಟು ನೋಡಿ. ಅರ್ಧ ಸೆಕೆಂಡೂ ಇಲ್ಲ, ಕಟ್ ಆಗಿದ್ದೇ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳ ಮೇಲೆ ಮಾಡಿದ ನನ್ನ ಮೊದಲ ಕಿರುಚಿತ್ರ ಹಾಳಾಯಿತು. ಗೊಂಬೆ ಮಾಡುವ ಹಿರಿಯರೊಬ್ಬರ ಕೆಲಸಕ್ಕೆ ಎರಡು ಸೆಕೆಂಡಿಗೊಂದು ಕಟ್, ಕೆಳಗೆ ಡಬಡಬ ಮ್ಯೂಸಿಕ್. ಅಜ್ಜಿಗೆ ತೋರಿಸಿದೆ. "ಚಂದ ಐತಿ ತಮ್ಮಾ. ಆದ್ರ ಆ ಹಿರ್ಯಾನ ಕೈ ನೋಡಾಕ ಬಿಡವಲ್ಲಿ ನೀ" ಅಂದಳು.

ಮತ್ತೆ ಕಿನ್ನಾಳಕ್ಕೆ ಹೋದೆ. ಹಗುರ ಮರದ ಗೊಂಬೆಗೆ ಅವರು ಕಿಟ್ಟ ಮೆತ್ತುತ್ತಾರೆ. ನೆನೆಸಿ, ಒಣಗಿಸಿ ಪುಡಿ ಮಾಡಿದ ಗೋಣಿ ಚೂರಿಗೆ ಹುಣಸೆ ಬೀಜದ ಅಂಟು ಕಲಸಿದ್ದು ಅದು. ಹೆಬ್ಬೆರಳಿನಿಂದ ಒತ್ತುವಾಗ ಪಿಚಕ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಮೊದಲ ಸಲ ಮ್ಯೂಸಿಕ್ ಕೆಳಗೆ ಅದನ್ನು ಮುಚ್ಚಿಬಿಟ್ಟಿದ್ದೆ. ಈ ಸಲ ಸದ್ದು ಸರಿಯಾಗಿ ಸಿಗಲಿ ಅಂತ ಫ್ಯಾನ್ ಆಫ್ ಮಾಡಿಸಿದೆ. ಏಪ್ರಿಲ್ ತಿಂಗಳು, ಎಲ್ಲರೂ ಬೈದರು. ಕೆಲಸ ಮುಗಿದ ಮೇಲೂ ಒಂದು ನಿಮಿಷ ಯಾರೂ ಮಾತಾಡದೆ ಕೋಣೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿದೆ. ಇದನ್ನು ರೂಮ್ ಟೋನ್ ಅಂತೀವಿ. ಹೊಸಬರು ಬಿಡುವುದು ಇದನ್ನೇ. ಎರಡು ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ಇದನ್ನು ತುಂಬದಿದ್ದರೆ ಸದ್ದು ಗಕ್ಕನೆ ಸತ್ತಂತಾಗುತ್ತದೆ, ನೋಡುವವರಿಗೆ ಏನೋ ಕಿತ್ತಂತೆ ಅನಿಸುತ್ತದೆ.

ಹೊಸ ಎಡಿಟ್‌ನಲ್ಲಿ ಆ ಕೈ 40 ಸೆಕೆಂಡ್ ಇದೆ. ಮ್ಯೂಸಿಕ್ ಇಲ್ಲ. ಹೋದ ವಾರ ಅಜ್ಜಿಗೆ ಮತ್ತೆ ತೋರಿಸಿದೆ. ಅರ್ಧಕ್ಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಶೆಕಿ ಆಗಾಕತೈತಿ, ಫ್ಯಾನ್ ಹಚ್ಚೋ" ಅಂದಳು.

ನಮ್ಮ ಮನೆ ಫ್ಯಾನ್ ತಲೆ ಮೇಲೆ ತಿರುಗುತ್ತಲೇ ಇತ್ತು.